ಮರದ ಕಿಟಕಿ ತೆಗೆದು ಯುಪಿವಿಸಿ ಕಿಟಕಿ ಕೂರಿಸುವುದು: ಅಳತೆಯಿಂದ ಮೊದಲ ಮಳೆಯವರೆಗೆ

ಬೆಂಗಳೂರು, ಮೈಸೂರು, ಶಿವಮೊಗ್ಗದಂತಹ ಊರುಗಳಲ್ಲಿ ಮೂವತ್ತು ನಲವತ್ತು ವರ್ಷಗಳ ಹಿಂದೆ ಕಟ್ಟಿದ ಮನೆಗಳ ಕಿಟಕಿಗಳು ಬಹುಮಟ್ಟಿಗೆ ಒಂದೇ ನಮೂನೆಯವು. ಮತ್ತಿ, ಹೊನ್ನೆ ಅಥವಾ ಯಾವುದೋ ಕಾಡುಮರದ ಚೌಕಟ್ಟು, ಆ ಚೌಕಟ್ಟಿನ ಮೈಯಲ್ಲೇ ತೂತು ಕೊರೆದು ಸಿಕ್ಕಿಸಿದ ಕಬ್ಬಿಣದ ಸರಳುಗಳು, ಹೊರಕ್ಕೆ ತೆರೆಯುವ ಗಾಜಿನ ಕದಗಳು, ಮೇಲೊಂದು ಸಜ್ಜ. ಮಳೆಗಾಲದಲ್ಲಿ ಕದ ಉಬ್ಬಿ ಮುಚ್ಚುವುದಿಲ್ಲ, ಬೇಸಿಗೆಯಲ್ಲಿ ಒಣಗಿ ಸಂದು ಬಿಡುತ್ತದೆ, ಚೌಕಟ್ಟಿನ ಕೆಳಗಿನ ಪಟ್ಟಿ ನೀರು ಕುಡಿದು ಕುಂಬಾಗುತ್ತದೆ. ಇಂತಹ ಕಿಟಕಿಗಳನ್ನು ತೆಗೆಸಿ ಯುಪಿವಿಸಿ, ಎಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿ, ಹಾಕಿಸಲು ಹೊರಟವರಿಗೆ ಅಂಗಡಿಯಲ್ಲಿ ಸಿಗುವ ಮಾಹಿತಿಯೆಲ್ಲ ಪ್ರೊಫೈಲಿನ (ಚೌಕಟ್ಟು ಮಾಡುವ ಟೊಳ್ಳು ಪಟ್ಟಿಯ) ಕಂಪನಿ ಮತ್ತು ಬಣ್ಣದ ಸುತ್ತಲೇ ಇರುತ್ತದೆ. ಆದರೆ ಹಾಕಿದ ಎರಡನೆಯ ವರ್ಷಕ್ಕೇ ನೀರು ಜಿನುಗುವ ಯುಪಿವಿಸಿ ಕಿಟಕಿಯನ್ನು ಪರೀಕ್ಷಿಸಿ ನೋಡಿದರೆ, ದೋಷ ಇರುವುದು ಸಾಮಾನ್ಯವಾಗಿ ಪ್ರೊಫೈಲಿನಲ್ಲಿ ಅಲ್ಲ. ಗೋಡೆಗೂ ಚೌಕಟ್ಟಿಗೂ ನಡುವೆ ಉಳಿಯುವ ಆ ಅರ್ಧ ಸೆಂಟಿಮೀಟರ್ ಸಂದಿನಲ್ಲಿ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಆ ಸಂದಿನ ಬಗ್ಗೆಯೂ, ಅದಕ್ಕೂ ಮೊದಲು ತೀರ್ಮಾನವಾಗಬೇಕಾದ ಗ್ರಿಲ್‌ನ ಬಗ್ಗೆಯೂ ಇದೆ.

ತೆಗೆಯಲೇಬೇಕೇ?

ಮೊದಲು ಒಂದು ಸ್ಕ್ರೂ ಡ್ರೈವರ್ ಹಿಡಿದು ಎಲ್ಲ ಕಿಟಕಿಗಳನ್ನೂ ಒಂದು ಸುತ್ತು ನೋಡಬೇಕು. ಚೌಕಟ್ಟಿನ ಕೆಳಪಟ್ಟಿ, ಎರಡೂ ಕೆಳಮೂಲೆಗಳು ಮತ್ತು ಕದದ ತಳಪಟ್ಟಿಗಳನ್ನು ಚುಚ್ಚಿ ನೋಡಿದಾಗ ತುದಿ ಸಲೀಸಾಗಿ ಒಳಗೆ ಇಳಿದರೆ ಮರ ಕೊಳೆತಿದೆ ಎಂದರ್ಥ. ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ಕೆಲಸ ಮಾಡಿದೆ. ಚೌಕಟ್ಟು ಗಟ್ಟಿಯಿದ್ದು ಕದಗಳು ಮಾತ್ರ ಹಾಳಾಗಿದ್ದರೆ ಹೊಸ ಕದ ಮಾಡಿಸುವುದೇ ಸರಿ. ಸಾಗುವಾನಿಯ ಚೌಕಟ್ಟನ್ನಂತೂ ಬಣ್ಣ ಹೆರೆದು, ಕೊಳೆತ ತುಂಡನ್ನಷ್ಟೇ ಕತ್ತರಿಸಿ ಹೊಸ ಮರ ಬೆಸೆದು ಉಳಿಸಿಕೊಳ್ಳುವುದು ಲೇಸು. ಅಂತಹ ಮರ ಇಂದು ಅದೇ ಬೆಲೆಗೆ ಸಿಗುವುದಿಲ್ಲ. ತೊಟ್ಟಿ ಮನೆಗೋ ಕೆತ್ತನೆಯ ಕಿಟಕಿಗಳಿರುವ ಹೆಂಚಿನ ಮನೆಗೋ ಬಿಳಿ ಯುಪಿವಿಸಿ ಹಾಕಿಸುವುದು ನನ್ನ ಮಟ್ಟಿಗೆ ಒಪ್ಪುವ ಮಾತಲ್ಲ, ಆದರೆ ಅದು ಮನೆಯವರ ಇಷ್ಟಕ್ಕೆ ಬಿಟ್ಟದ್ದು.

ಇಷ್ಟಕ್ಕೆ ಬಿಡಲಾಗದ ಸಂಗತಿಯೊಂದಿದೆ. ಮಣ್ಣಿನ ಗೋಡೆಯ ಅಥವಾ ಸುಣ್ಣದ ಗಾರೆಯ ಹಳೆಯ ಮನೆಗಳಲ್ಲಿ ಕಿಟಕಿಯ ಮೇಲೆ ಗೋಡೆಯ ಭಾರ ಹೊರುವ ಕಾಂಕ್ರೀಟಿನ ತೊಲೆ, ಎಂದರೆ ಲಿಂಟಲ್, ಇರುವುದಿಲ್ಲ. ಮರದ ಹಲಗೆಯೋ, ಕಲ್ಲಿನ ಚಪ್ಪಡಿಯೋ, ಇಟ್ಟಿಗೆಯ ಕಮಾನೋ ಇರುತ್ತದೆ. ಕೆಲವೆಡೆ ಕಿಟಕಿಯ ಚೌಕಟ್ಟೇ ವರ್ಷಗಟ್ಟಲೆ ಮೇಲಿನ ಭಾರದ ಒಂದಿಷ್ಟು ಪಾಲನ್ನು ಹೊತ್ತು ನಿಂತಿರುತ್ತದೆ. ಚೌಕಟ್ಟಿನ ಮೇಲ್ಭಾಗದಲ್ಲಿ ಒಂದು ಗೇಣಿನಷ್ಟು ಗಿಲಾವು ಕೆತ್ತಿಸಿ ಅಲ್ಲಿ ಏನಿದೆ ಎಂದು ಕಣ್ಣಾರೆ ನೋಡದೆ ಯಾವ ಚೌಕಟ್ಟಿಗೂ ಗರಗಸ ಇಡಬಾರದು. ಲಿಂಟಲ್ ಇಲ್ಲದಿದ್ದರೆ ಅಥವಾ ಮರದ ಹಲಗೆ ಕೊಳೆತಿದ್ದರೆ, ಮೊದಲು ಜಾಕಿ ಕೊಟ್ಟು ಹೊಸ ಲಿಂಟಲ್ ಹಾಕಿಸಬೇಕು. ಇದು ಮೇಸ್ತ್ರಿಯ ಮತ್ತು ಬೇಕಾದಲ್ಲಿ ಎಂಜಿನಿಯರರ ಕೆಲಸ. ಕಿಟಕಿ ಮಾರುವವರ ಕೆಲಸವಲ್ಲ.

ವಸ್ತುವಿನ ಗುಣ

ನೀರಿನ ಕೊಳವೆಗೆ ಬಳಸುವ ಪಿವಿಸಿಯ ಜಾತಿಗೇ ಸೇರಿದ ವಸ್ತು ಇದು. ಮೆದುಗೊಳಿಸುವ ರಾಸಾಯನಿಕಗಳನ್ನು ಇದಕ್ಕೆ ಸೇರಿಸುವುದಿಲ್ಲವಾದ್ದರಿಂದ ಗಟ್ಟಿಯಾಗಿ ಉಳಿಯುತ್ತದೆ. ಕಿಟಕಿಗೆ ಬಳಸುವ ಮಿಶ್ರಣದಲ್ಲಿ ಬಿಸಿಲಿನಿಂದ ಹಳದಿಗಟ್ಟದಂತೆ ಟೈಟಾನಿಯಂ ಡೈಆಕ್ಸೈಡ್ ಮತ್ತು ಪೆಟ್ಟಿಗೆ ಬಿರಿಯದಂತೆ ಬೇರೆ ಪದಾರ್ಥಗಳು ಸೇರಿರುತ್ತವೆ. ಗೆದ್ದಲು ಇದನ್ನು ತಿನ್ನುವುದಿಲ್ಲ, ಇದು ನೀರು ಕುಡಿಯುವುದಿಲ್ಲ, ಬಣ್ಣ ಬಳಿಯುವ ಅಗತ್ಯವೂ ಇಲ್ಲ. ಆದರೆ ಎರಡು ದೌರ್ಬಲ್ಯಗಳಿವೆ. ಮೊದಲನೆಯದು, ಇದು ತಾನೇ ಹೆಚ್ಚು ಬಿಗಿಯಾಗಿ ನಿಲ್ಲಲಾರದು. ಆದ್ದರಿಂದ ಪ್ರೊಫೈಲಿನ ಒಳಗಿನ ಟೊಳ್ಳಿನಲ್ಲಿ ಸತುವಿನ ಲೇಪವಿರುವ ಉಕ್ಕಿನ ಪಟ್ಟಿಯನ್ನು ತೂರಿಸುತ್ತಾರೆ. ಎರಡನೆಯದು, ಶಾಖಕ್ಕೆ ಇದು ಗಣನೀಯವಾಗಿ ಹಿಗ್ಗುತ್ತದೆ. ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.07 ಮಿಲಿಮೀಟರ್ ಎಂಬ ಲೆಕ್ಕ ಹಿಡಿದರೆ, 1.8 ಮೀಟರ್ ಅಗಲದ ಚೌಕಟ್ಟು ಜನವರಿಯ ಬೆಳಗಿನ 15 ಡಿಗ್ರಿಯಿಂದ ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ 45 ಡಿಗ್ರಿಗೆ ಕಾದಾಗ ಹೆಚ್ಚುಕಡಿಮೆ 4 ಮಿಲಿಮೀಟರ್ ಬೆಳೆದಿರುತ್ತದೆ. ಮರದ ಚೌಕಟ್ಟನ್ನು ಗಾರೆಯಲ್ಲಿ ಹೂತು ನಿಲ್ಲಿಸಿದಂತೆ ಇದನ್ನೂ ನಿಲ್ಲಿಸಿದರೆ ಆ 4 ಮಿಲಿಮೀಟರಿಗೆ ಹೋಗಲು ಜಾಗವಿರುವುದಿಲ್ಲ. ಚೌಕಟ್ಟು ನಡುವೆ ಬಾಗುತ್ತದೆ, ಬೀಗ ಕೂರುವುದಿಲ್ಲ, ಸಿಮೆಂಟು ಬಿರುಕು ಬಿಡುತ್ತದೆ.

ಖರೀದಿಸುವಾಗ ಪ್ರೊಫೈಲಿನ ಒಂದು ಅಡ್ಡ ತುಂಡನ್ನು ಕೇಳಿ ಕೈಯಲ್ಲಿ ಹಿಡಿದು ನೋಡಬೇಕು. ಯುರೋಪಿನ ಇಎನ್ 12608 ಮಾನದಂಡದ ಪ್ರಕಾರ ಕಣ್ಣಿಗೆ ಕಾಣುವ ಹೊರಮೈಯ ದಪ್ಪ ‘ಎ’ ದರ್ಜೆಗೆ 2.8 ಮಿಲಿಮೀಟರಿಗೂ ‘ಬಿ’ ದರ್ಜೆಗೆ 2.5 ಮಿಲಿಮೀಟರಿಗೂ ಕಡಿಮೆಯಿರಬಾರದು. ನಮ್ಮಲ್ಲಿ ಇದಕ್ಕಿಂತ ತೆಳುವಾದ ಪ್ರೊಫೈಲುಗಳೂ ಧಾರಾಳವಾಗಿ ಮಾರಾಟವಾಗುತ್ತವೆ. ಸ್ನಾನದ ಮನೆಯ ಸಣ್ಣ ಕಿಟಕಿಗೆ ಅವು ನಡೆದಾವು, ಆರು ಅಡಿಯ ಹಜಾರದ ಕಿಟಕಿಗೆ ಬೇಡ. ಉಕ್ಕಿನ ಪಟ್ಟಿ ಇದೆಯೇ, ಎಷ್ಟು ದಪ್ಪ, ಎಲ್ಲ ಕಡೆಯೂ ಇದೆಯೋ ಅಥವಾ ನಡುಕಂಬದಲ್ಲಿ ಮಾತ್ರವೋ ಎಂದು ಬರೆಸಿಕೊಳ್ಳಬೇಕು. ಕಿಟಕಿ ಮನೆಗೆ ಬಂದ ಮೇಲೆ ಒಂದು ಅಯಸ್ಕಾಂತ ಹಿಡಿದರೆ ಉಕ್ಕು ಇರುವುದೂ ಇಲ್ಲದಿರುವುದೂ ಗೊತ್ತಾಗುತ್ತದೆ. ಮೂಲೆಗಳನ್ನು ಶಾಖದಿಂದ ಕರಗಿಸಿ ಬೆಸೆದಿರಬೇಕು, ಸ್ಕ್ರೂ ಹಾಕಿ ಜೋಡಿಸಿರಬಾರದು. ಕಲಬುರಗಿ, ರಾಯಚೂರಿನಂತಹ ಬಿಸಿಲಿನ ಊರುಗಳಲ್ಲಿ, ಅದರಲ್ಲೂ ಪಶ್ಚಿಮದ ಗೋಡೆಗೆ, ಗಾಢ ಕಂದು ಬಣ್ಣದ ಮರದ ನಮೂನೆಯ ಪ್ರೊಫೈಲುಗಳಿಗಿಂತ ಬಿಳಿಯೇ ವಾಸಿ, ಏಕೆಂದರೆ ಗಾಢ ಬಣ್ಣ ಹೆಚ್ಚು ಕಾಯುತ್ತದೆ, ಹೆಚ್ಚು ಕಾದದ್ದು ಹೆಚ್ಚು ಹಿಗ್ಗುತ್ತದೆ. ಕರಾವಳಿಯಲ್ಲಿ ಪ್ರೊಫೈಲಿಗಿಂತ ಮೊದಲು ತುಕ್ಕು ಹಿಡಿಯುವುದು ಕೀಲು, ಸ್ಕ್ರೂ ಮತ್ತು ಬೀಗಗಳು. ಅಲ್ಲಿ ಇವೆಲ್ಲ ಸ್ಟೇನ್‌ಲೆಸ್ ಸ್ಟೀಲಿನವೇ ಆಗಿರಬೇಕು, ಸಮುದ್ರಕ್ಕೆ ಹತ್ತಿರವಿದ್ದರೆ 316 ದರ್ಜೆಯವು.

ಗ್ರಿಲ್ ಎಲ್ಲಿ ನಿಲ್ಲುತ್ತದೆ?

ಹಳೆಯ ಕಿಟಕಿಯ ಸರಳುಗಳು ಮರದ ಚೌಕಟ್ಟಿನಲ್ಲೇ ಇದ್ದವು. ಚೌಕಟ್ಟು ಹೋದರೆ ಅವೂ ಹೋಗುತ್ತವೆ. ಈ ಸರಳ ಸತ್ಯ ಎಷ್ಟೋ ಜನರಿಗೆ ಹೊಳೆಯುವುದು ಹೊಸ ಕಿಟಕಿ ಕೂತ ಸಂಜೆ. ಆಗ ಗಡಿಬಿಡಿಯಲ್ಲಿ ವೆಲ್ಡಿಂಗ್‌ನವರನ್ನು ಕರೆಸಿ, ಹೊಸ ಗಾಜಿನ ಪಕ್ಕದಲ್ಲೇ ವೆಲ್ಡಿಂಗ್ ಮಾಡಿಸುತ್ತಾರೆ. ವೆಲ್ಡಿಂಗ್‌ನ ಕಿಡಿ ಗಾಜಿನ ಮೇಲೆ ಬಿದ್ದರೆ ಸೂಜಿಮೊನೆಯಂತಹ ಗುಳಿಗಳಾಗಿ ಅಲ್ಲೇ ಉಳಿಯುತ್ತದೆ, ಪ್ರೊಫೈಲಿನ ಮೇಲೆ ಬಿದ್ದರೆ ಕಂದು ಚುಕ್ಕೆಯಾಗುತ್ತದೆ. ಎರಡನ್ನೂ ಒರೆಸಿ ತೆಗೆಯಲಾಗದು. ನಮ್ಮ ಮನೆಯ ಅಡುಗೆಮನೆ ಕಿಟಕಿಯ ಗಾಜಿನಲ್ಲಿ ಅಂತಹ ಹತ್ತು ಹನ್ನೆರಡು ಗುಳಿಗಳು ಇಂದಿಗೂ ಇವೆ. ಗ್ರಿಲ್ಲನ್ನು ಪೂರ್ತಿಯಾಗಿ ಅಂಗಡಿಯಲ್ಲೇ ಮಾಡಿಸಿ, ಬಣ್ಣ ಹಚ್ಚಿಸಿ ತಂದು, ಗೋಡೆಗೆ ಆಂಕರ್ ಬೋಲ್ಟುಗಳಿಂದ ಬಿಗಿಸುವಂತೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಯುಪಿವಿಸಿ ಚೌಕಟ್ಟಿಗೇ ಸ್ಕ್ರೂ ಹಾಕಿ ಗ್ರಿಲ್ ನಿಲ್ಲಿಸುವವರಿದ್ದಾರೆ. ಕಳ್ಳನ ದೃಷ್ಟಿಯಿಂದ ನೋಡಿದರೆ ಅದು ಗ್ರಿಲ್ಲೇ ಅಲ್ಲ.

ಗ್ರಿಲ್ಲಿನ ಸ್ಥಾನ ಕಿಟಕಿಯ ಬಗೆಯನ್ನು ಅವಲಂಬಿಸಿದೆ. ಸ್ಲೈಡಿಂಗ್ ಕಿಟಕಿಯಾದರೆ ಗ್ರಿಲ್ ಹೊರಗಿರಬಹುದು. ಒಳಗಿನಿಂದ ಗಾಜನ್ನೂ ಸೊಳ್ಳೆ ಪರದೆಯನ್ನೂ ಅಡ್ಡಿಯಿಲ್ಲದೆ ಸರಿಸಬಹುದು, ಆದರೆ ಗ್ರಿಲ್ ಮಳೆಗೆ ನೆನೆಯುತ್ತದೆ. ಹೊರಕ್ಕೆ ತೆರೆಯುವ ಕದದ ಕಿಟಕಿಯಾದರೆ ಗ್ರಿಲ್ ಒಳಗೇ ಇರಬೇಕು, ಹಳೆಯ ಕಿಟಕಿಯಲ್ಲಿ ಮಾಡುತ್ತಿದ್ದಂತೆ ಸರಳುಗಳ ನಡುವೆ ಕೈ ತೂರಿಸಿ ಹಿಡಿಕೆ ತಿರುಗಿಸಿ ಕದವನ್ನು ತಳ್ಳಬೇಕು. ಹಾಗಾಗಿ ಹಿಡಿಕೆಗೂ ಗ್ರಿಲ್ಲಿಗೂ ನಡುವೆ ಮುಷ್ಟಿ ತಿರುಗುವಷ್ಟು, ಎಂದರೆ 60-75 ಮಿಲಿಮೀಟರ್, ಜಾಗ ಬಿಡಬೇಕು. ಹಿಡಿಕೆಯ ಎತ್ತರದಲ್ಲಿ ಗ್ರಿಲ್ಲಿನ ಅಡ್ಡಪಟ್ಟಿ ಬರಬಾರದು. ಸೊಳ್ಳೆ ಪರದೆ ಬೇಕಿದ್ದರೆ ಅದು ಗ್ರಿಲ್ಲಿಗಿಂತಲೂ ಒಳಗೆ, ಕೋಣೆಯ ಕಡೆಗೆ ತೆರೆಯುವ ಪ್ರತ್ಯೇಕ ಕದವಾಗಿಯೋ ಮಡಚುವ ಪರದೆಯಾಗಿಯೋ ಬರುತ್ತದೆ. 9 ಅಂಗುಲದ ಗೋಡೆಯಲ್ಲಿ ಸುಮಾರು 230 ಮಿಲಿಮೀಟರ್ ಆಳವಿರುವುದರಿಂದ ಇವೆಲ್ಲಕ್ಕೂ ಜಾಗ ಸಿಗುತ್ತದೆ. 6 ಅಂಗುಲದ ಬ್ಲಾಕ್ ಗೋಡೆಯಲ್ಲಿ ಕದ, ಗ್ರಿಲ್, ಪರದೆ ಮೂರನ್ನೂ ತುರುಕುವುದು ಕಷ್ಟ. ಅಲ್ಲಿ ಮೂರು ಹಳಿಯ (ಎರಡು ಗಾಜಿಗೆ, ಒಂದು ಪರದೆಗೆ) ಸ್ಲೈಡಿಂಗ್ ಕಿಟಕಿ ಹಾಕಿ ಗ್ರಿಲ್ಲನ್ನು ಹೊರಗೆ ಬಿಗಿಸುವುದು ಸುಲಭ.

ಪ್ರತಿ ಮಹಡಿಯಲ್ಲಿ, ಮಲಗುವ ಕೋಣೆಯ ಕಡೆ ಕನಿಷ್ಠ ಒಂದು ಗ್ರಿಲ್ಲಾದರೂ ಬಾಗಿಲಿನಂತೆ ತೆರೆಯುವಂತಿರಲಿ, ಅದರ ಕೀಲಿ ಮನೆಯವರೆಲ್ಲರಿಗೂ ಗೊತ್ತಿರುವ ಜಾಗದಲ್ಲಿ, ಕಿಟಕಿಗೆ ಹತ್ತಿರದಲ್ಲೇ ನೇತಾಡಲಿ. ಬೆಂಕಿ ಬಿದ್ದ ಮನೆಯಲ್ಲಿ ತೆರೆಯಲಾಗದ ಗ್ರಿಲ್ ಇನ್ನೊಂದು ಗೋಡೆಯಿದ್ದಂತೆ.

ಸ್ಲೈಡಿಂಗೋ, ಕದವೋ

ಸ್ಲೈಡಿಂಗ್ ಕಿಟಕಿ ಜಾಗ ತಿನ್ನುವುದಿಲ್ಲ, ಗಾಳಿಗೆ ಬಡಿದುಕೊಳ್ಳುವುದಿಲ್ಲ, ದರವೂ ಸಾಮಾನ್ಯವಾಗಿ ಕಡಿಮೆ. ಆದರೆ 4 ಅಡಿಯ ಕಿಟಕಿಯಲ್ಲಿ ಗಾಳಿಗೆ ತೆರೆಯುವುದು 2 ಅಡಿಯಷ್ಟೆ. ಅದರ ಕದಗಳ ನಡುವೆ ಇರುವುದು ಬ್ರಷ್‌ನಂತಹ ಪಟ್ಟಿ. ಗಾಳಿಯೊಡನೆ ಓರೆಯಾಗಿ ಹೊಡೆಯುವ ಮಳೆಯನ್ನು ಅದು ಪೂರ್ತಿ ತಡೆಯಲಾರದು. ಕದದ ಕಿಟಕಿಯಲ್ಲಿ ಕದವನ್ನು ರಬ್ಬರಿನ ಗ್ಯಾಸ್ಕೆಟ್ಟಿನ ಮೇಲೆ ಒತ್ತಿ, ಎರಡು ಮೂರು ಕಡೆ ಏಕಕಾಲಕ್ಕೆ ಬೀಗ ಹಿಡಿಯುವುದರಿಂದ ನೀರು, ದೂಳು, ಸದ್ದು ಮೂರೂ ಚೆನ್ನಾಗಿ ನಿಲ್ಲುತ್ತವೆ. ಮಲೆನಾಡಿನಲ್ಲಿ ಮತ್ತು ಕರಾವಳಿಯಲ್ಲಿ ನೈಋತ್ಯ ಮಾರುತದ ಮಳೆ ಬಡಿಯುವ ಪಶ್ಚಿಮ ಹಾಗೂ ದಕ್ಷಿಣದ ಗೋಡೆಗಳಿಗೆ ಕದದ ಕಿಟಕಿಯನ್ನೇ ಹಾಕಿಸಿ, ಉಳಿದ ಕಡೆ ಸ್ಲೈಡಿಂಗ್ ಹಾಕಿಸಿದರೆ ಖರ್ಚೂ ಹಿಡಿತದಲ್ಲಿರುತ್ತದೆ. ಒಂದೊಂದು ಕದದ ಅಗಲ ಎರಡು, ಎರಡೂವರೆ ಅಡಿ ಮೀರದಿರಲಿ. ಅಗಲವಾದಷ್ಟೂ ಗಾಜಿನ ಭಾರಕ್ಕೆ ಕೀಲು ಜಗ್ಗುತ್ತದೆ.

ಹಳೆಯ ಕಿಟಕಿಗಳ ಮೇಲೆ ಗಾಳಿಕಿಂಡಿ ಇರುತ್ತಿತ್ತು, ಕದಗಳ ಸಂದುಗಳಿಂದಲೂ ಮನೆ ತಾನಾಗಿ ಉಸಿರಾಡುತ್ತಿತ್ತು. ಯುಪಿವಿಸಿ ಕಿಟಕಿ ಮುಚ್ಚಿದರೆ ಮುಚ್ಚಿದಂತೆಯೇ. ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಅಲ್ಲಿನ ಗಾಳಿಕಿಂಡಿಯನ್ನು ಗಾಜು ಹಾಕಿ ಮುಚ್ಚಿಸುವುದು ಪ್ರಾಣಾಪಾಯದ ಕೆಲಸ, ಏಕೆಂದರೆ ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಂತಹ ಕಡೆ ಸದಾ ತೆರೆದಿರುವ ಓರೆ ಪಟ್ಟಿಗಳೇ (ಲೂವರ್) ಇರಲಿ, ಗೀಸರನ್ನು ಹೊರಗೆ ಸಾಗಿಸಿದರೆ ಇನ್ನೂ ಒಳ್ಳೆಯದು. ಅಡುಗೆಮನೆಯಲ್ಲಿಯೂ ಒಂದು ಕಿಂಡಿ ಉಳಿಯಬೇಕು.

ಗಾಜಿನ ವಿಷಯ ಚುಟುಕಾಗಿ ಹೇಳಬಹುದು. ಸಾಮಾನ್ಯ ಅಳತೆಗೆ 5 ಮಿಲಿಮೀಟರಿನ ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜು ಸಾಕು; ಅದರ ಮೂಲೆಯಲ್ಲಿ ಅಳಿಸಲಾಗದಂತೆ ಭಾರತೀಯ ಮಾನದಂಡ ಐಎಸ್ 2553ರ ಗುರುತು ಇರುತ್ತದೆ. ಟಫನ್ಡ್ ಮಾಡಿದ ಮೇಲೆ ಗಾಜನ್ನು ಕತ್ತರಿಸಲು ಬರುವುದಿಲ್ಲ, ಹಾಗಾಗಿ ಅಳತೆ ತಪ್ಪಿದರೆ ಇಡೀ ಗಾಜು ದಂಡ. ರಸ್ತೆಯ ಸದ್ದು ತಡೆಯುವುದೇ ಉದ್ದೇಶವಾದರೆ ಎರಡು ಗಾಜುಗಳ ನಡುವೆ ಪದರವಿಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜನ್ನು ಕೇಳಬೇಕು. ನಡುವೆ ಗಾಳಿ ಬಿಟ್ಟ ಜೋಡಿಗಾಜು ಬೆಂಗಳೂರಿನ ಹವೆಗೆ ದುಂದು ಎಂಬುದು ನನ್ನ ಅಭಿಪ್ರಾಯ. ಎಸಿ ಹಾಕದ ಮನೆಯಲ್ಲಿ ಬಿಸಿಲನ್ನು ತಡೆಯಲು ಒಳ್ಳೆಯ ಸಜ್ಜಕ್ಕಿಂತ ಮಿಗಿಲಾದದ್ದಿಲ್ಲ.

ಅಳತೆ

ಬಡಗಿಗಳು ಅಡಿ, ಅಂಗುಲ, ನೂಲಿನಲ್ಲಿ ಅಳೆಯುತ್ತಾರೆ; ಕಾರ್ಖಾನೆ ಮಿಲಿಮೀಟರಿನಲ್ಲಿ ಕತ್ತರಿಸುತ್ತದೆ. ಒಂದು ನೂಲು ಎಂದರೆ ಸುಮಾರು 3 ಮಿಲಿಮೀಟರ್. ಈ ಕೆಲಸದಲ್ಲಿ ಎರಡು ನೂಲಿನ ತಪ್ಪು ಇಡೀ ಸಂದನ್ನೇ ನುಂಗಿಬಿಡುತ್ತದೆ, ಆದ್ದರಿಂದ ಮೊದಲಿನಿಂದ ಕೊನೆಯವರೆಗೆ ಮಿಲಿಮೀಟರಿನಲ್ಲೇ ಬರೆದುಕೊಳ್ಳಬೇಕು.

ಹಳೆಯ ಚೌಕಟ್ಟು ನಿಂತಿರುವಾಗ ಗಿಲಾವಿನಿಂದ ಗಿಲಾವಿಗೆ ಅಳೆದ ಅಳತೆ ನಿಜವಾದ ಅಳತೆಯಲ್ಲ. ಚೌಕಟ್ಟಿನ ಅಂಚು ಗಿಲಾವಿನೊಳಗೆ ಹೂತಿರುತ್ತದೆ, ಅದನ್ನು ತೆಗೆದಾಗ ಸುತ್ತಲಿನ ಇಟ್ಟಿಗೆಯೂ ಅಷ್ಟಿಷ್ಟು ಉದುರುತ್ತದೆ. ನಿಖರವಾದ ಕ್ರಮವೆಂದರೆ ಹಳೆಯದನ್ನು ತೆಗೆದು, ಗೋಡೆಯಲ್ಲಿ ಉಳಿಯುವ ಕಿಂಡಿಯ ನಾಲ್ಕೂ ಮೈಗಳನ್ನು ಗಾರೆಯವರಿಂದ ನೇರವಾಗಿ ಗಿಲಾವು ಮಾಡಿಸಿ, ಅದು ಒಣಗಿದ ಮೇಲೆ ಅಳತೆ ತೆಗೆದು ಕಿಟಕಿಗೆ ಆರ್ಡರ್ ಕೊಡುವುದು. ಆದರೆ ಹೊಸದು ಬರುವವರೆಗೆ ಎರಡು ಮೂರು ವಾರ ಕಿಂಡಿ ತೆರೆದೇ ಇರುತ್ತದೆ. ಪ್ಲೈವುಡ್ ಹೊಡೆದು ಮುಚ್ಚಿಕೊಳ್ಳಬೇಕು. ಇದಕ್ಕಾಗಿಯೇ ಮನೆಯ ಕಿಟಕಿಗಳನ್ನೆಲ್ಲ ಒಟ್ಟಿಗೆ ಕೀಳದೆ, ಮಳೆ ಕಡಿಮೆಯಿರುವ ಜನವರಿಯಿಂದ ಏಪ್ರಿಲ್ ನಡುವೆ, ಎರಡು ಮೂರು ಕೋಣೆಗಳಂತೆ ಕಂತಿನಲ್ಲಿ ಮಾಡಿಸುವುದು ಒಳಿತು. ಅಷ್ಟು ದಿನ ತೆರೆದಿಡಲು ಸಾಧ್ಯವೇ ಇಲ್ಲದಿದ್ದರೆ, ಚೌಕಟ್ಟಿನ ಪ್ರತಿ ಬದಿಯಲ್ಲಿ ಎರಡೆರಡು ಕಡೆ ಗಿಲಾವು ಕೆತ್ತಿ ಮರದ ಹೊರ ಅಂಚನ್ನು ಕಂಡುಕೊಂಡು ಅಲ್ಲಿಂದ ಅಳೆದು, ಆ ಅಳತೆಗೆ ಕಿಂಡಿಯನ್ನು ತಂದು ನಿಲ್ಲಿಸುವ ಹೊಣೆಯನ್ನು ಗಾರೆಯವರಿಗೆ ವಹಿಸಬೇಕು.

ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ, ಎತ್ತರವನ್ನೂ ಮೂರು ಕಡೆ ಅಳೆದು ಎಲ್ಲಕ್ಕಿಂತ ಚಿಕ್ಕದನ್ನು ಹಿಡಿಯಬೇಕು. ಮೂಲೆಯಿಂದ ಮೂಲೆಗೆ ಅಳೆದ ಎರಡು ಕರ್ಣಗಳು ಸಮವಿಲ್ಲದಿದ್ದರೆ ಕಿಂಡಿ ಓರೆಯಾಗಿದೆ. ವ್ಯತ್ಯಾಸ 10 ಮಿಲಿಮೀಟರ್ ದಾಟಿದರೆ ಗಿಲಾವನ್ನು ತಿದ್ದಿಸಿಯೇ ಮುಂದುವರಿಯಬೇಕು. ಚಿಕ್ಕ ಅಳತೆಯಿಂದ 10 ಮಿಲಿಮೀಟರ್ ಕಳೆದರೆ ಪ್ರತಿ ಬದಿಗೂ 5 ಮಿಲಿಮೀಟರ್ ಸಂದು ಸಿಗುತ್ತದೆ. ಅಗಲ 2 ಮೀಟರ್ ಮೀರಿದರೆ ಅಥವಾ ಬಣ್ಣ ಗಾಢವಾಗಿದ್ದರೆ ಇನ್ನೂ ಎರಡು ಮೂರು ಮಿಲಿಮೀಟರ್ ಹೆಚ್ಚು ಬಿಡಬೇಕು.

ಕೀಳುವುದು ಮತ್ತು ಕಿಂಡಿ ಸಜ್ಜುಗೊಳಿಸುವುದು

ಮೊದಲು ತಿರುಗಣೆಗಳನ್ನು ಬಿಚ್ಚಿ ಕದಗಳನ್ನು ಗಾಜಿನ ಸಮೇತ ಇಳಿಸಬೇಕು. ಅನಂತರ ಗ್ರೈಂಡರಿನಿಂದ ಸರಳುಗಳನ್ನು ಕತ್ತರಿಸಿ, ಚೌಕಟ್ಟಿನ ನಿಲುವುಪಟ್ಟಿಗಳನ್ನು ನಡುವಿನಲ್ಲಿ ಗರಗಸದಿಂದ ಕೊಯ್ದು, ತುಂಡುಗಳನ್ನು ಹಾರೆಯಿಂದ ಮೀಟಿ ಕಿಂಡಿಯ ಒಳಮುಖವಾಗಿ ಎಳೆಯಬೇಕು. ಚೌಕಟ್ಟನ್ನು ಗೋಡೆಗೆ ಹಿಡಿದಿರುವ ಹೋಲ್ಡ್‌ಫಾಸ್ಟ್ ಕಬ್ಬಿಣಗಳನ್ನು ಜಗ್ಗಿ ಕೀಳಲು ಹೋದರೆ ಇಟ್ಟಿಗೆಯ ಸಾಲೇ ಎದ್ದು ಬರುತ್ತದೆ. ಅವನ್ನು ಗೋಡೆಯ ಮಟ್ಟಕ್ಕೆ ಕತ್ತರಿಸಿ, ತುಕ್ಕು ತಡೆಯುವ ಬಣ್ಣ ಹಚ್ಚಿ ಅಲ್ಲೇ ಬಿಡುವುದು ಜಾಣತನ. ಚೌಕಟ್ಟಿನ ಮೇಲಿನ ಮತ್ತು ಕೆಳಗಿನ ಪಟ್ಟಿಗಳ ಕೊಂಬುಗಳು ಗೋಡೆಯೊಳಗೆ ಮೂರು ನಾಲ್ಕು ಅಂಗುಲ ಹೋಗಿರುತ್ತವೆ. ಇವನ್ನು ಮಾತ್ರ ಪೂರ್ತಿ ತೆಗೆಯಲೇಬೇಕು, ಉಳಿದ ಮರದ ತುಂಡು ಗೆದ್ದಲಿಗೆ ದಾರಿಯಾಗುತ್ತದೆ. ಗೆದ್ದಲು ಕಂಡ ಗೋಡೆಗೆ ಈ ಹಂತದಲ್ಲೇ ಔಷಧಿ ಹೊಡೆಸಬೇಕು. ಯುಪಿವಿಸಿಯನ್ನು ತಿನ್ನಲಾಗದ ಗೆದ್ದಲು ಪಕ್ಕದ ಕಪಾಟನ್ನು ಹುಡುಕಿಕೊಂಡು ಹೋಗುತ್ತದೆ.

ಭಾರತದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣವನ್ನು ದಶಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸಿದ ನಿಯಮ ಬಂದದ್ದು 2016ರಲ್ಲಿ. ಅದಕ್ಕಿಂತ ಹಿಂದೆ ಪದರ ಪದರವಾಗಿ ಎನಾಮೆಲ್ ಬಳಿದ ಕಿಟಕಿಗಳಲ್ಲಿ ಸೀಸವಿರುವ ಸಾಧ್ಯತೆ ಇದೆ. ಬಣ್ಣವನ್ನು ಒಣದಾಗಿ ಉಜ್ಜುವುದು, ಹಳೆಯ ಕದಗಳನ್ನು ನೀರೊಲೆಗೆ ಹಾಕುವುದು ಬೇಡ; ಕೆಲಸದ ದಿನ ಚಿಕ್ಕ ಮಕ್ಕಳು, ಗರ್ಭಿಣಿಯರು ಆ ಕೋಣೆಯಲ್ಲಿ ಇರದಿರಲಿ, ದೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಲಿ.

ಕಿಂಡಿಯ ತಳಕ್ಕೆ ಗ್ರಾನೈಟ್ ಹಾಸುವುದಾದರೆ ಅದರಲ್ಲೇ ನೀರಿನ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ. ಚೌಕಟ್ಟಿನಿಂದ ಹೊರಗಿನ ಭಾಗ ಹೊರಕ್ಕೆ ಸುಮಾರು 10 ಮಿಲಿಮೀಟರ್ ಇಳಿಜಾರಾಗಿರಬೇಕು. ಕಲ್ಲು ಗೋಡೆಯಿಂದ ಒಂದೆರಡು ಅಂಗುಲ ಮುಂದಕ್ಕೆ ಚಾಚಿ, ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಕೊರೆದಿರಬೇಕು, ಆಗ ನೀರು ಕಲ್ಲಿನ ಅಡಿಯಿಂದ ಗೋಡೆಗೆ ಹಿಂದಿರುಗದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಸಾಧ್ಯವಿದ್ದರೆ ಒಳಗಿನ ಕಲ್ಲು ಹೊರಗಿನದಕ್ಕಿಂತ 10-15 ಮಿಲಿಮೀಟರ್ ಎತ್ತರವಿದ್ದು, ಚೌಕಟ್ಟು ಆ ಪುಟ್ಟ ಮೆಟ್ಟಿಲಿಗೆ ಒರಗಿ ನಿಲ್ಲುವಂತಿರಲಿ. ಹೊಸ ಗಿಲಾವಿಗೆ ಕನಿಷ್ಠ ಏಳು ದಿನ ನೀರು ಹಾಕಿ, ಆಮೇಲೆ ಒಣಗಲು ಬಿಟ್ಟು, ಕಿಂಡಿಯ ಮೈಗೆ ಪ್ರೈಮರ್ ಮತ್ತು ಒಂದು ಸುತ್ತು ಬಣ್ಣ ಬಳಿಸಿಬಿಡಬೇಕು. ಸಂದು ಮುಚ್ಚುವ ಅಂಟಾದ ಸಿಲಿಕೋನ್ ಹಚ್ಚಿದ ಮೇಲೆ ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ.

ಕೂರಿಸುವುದು

ಕದಗಳನ್ನು ಬಿಚ್ಚಿ ಬರಿಯ ಚೌಕಟ್ಟನ್ನು ಕಿಂಡಿಯಲ್ಲಿಟ್ಟು, ಮೂಲೆಗಳ ಬಳಿ ಮತ್ತು ನಡುಕಂಬದ ಅಡಿಯಲ್ಲಿ ಪ್ಲಾಸ್ಟಿಕ್ ಬಿಲ್ಲೆಗಳನ್ನು ಒತ್ತಾಗಿ ಕೊಡಬೇಕು. ಮರದ ಚೂರುಗಳನ್ನು ಬಳಸಿದರೆ ಅವು ನೀರು ಕುಡಿದು ಉಬ್ಬುತ್ತವೆ. ರಸಮಟ್ಟದಿಂದ ತಳವನ್ನೂ ತೂಕದ ಗುಂಡಿನಿಂದ ನಿಲುವನ್ನೂ ನೋಡಿ, ಕರ್ಣಗಳ ವ್ಯತ್ಯಾಸ 2-3 ಮಿಲಿಮೀಟರಿಗಿಂತ ಹೆಚ್ಚಿಲ್ಲವೆಂದು ಖಚಿತಪಡಿಸಿಕೊಂಡು ಆಮೇಲೆ ಡ್ರಿಲ್ ಎತ್ತಿಕೊಳ್ಳಬೇಕು. ಪ್ರತಿ ಮೂಲೆಯಿಂದ ಸುಮಾರು 150 ಮಿಲಿಮೀಟರ್ ಬಿಟ್ಟು ಮೊದಲ ಆಂಕರ್ ಸ್ಕ್ರೂ, ಅಲ್ಲಿಂದ ಮುಂದೆ 600 ಮಿಲಿಮೀಟರ್ ಮೀರದ ಅಂತರದಲ್ಲಿ ಉಳಿದವು. ಸ್ಕ್ರೂವನ್ನು ಮುಟ್ಟಿ ನಿಲ್ಲುವಷ್ಟು ತಿರುಗಿಸಿದರೆ ಸಾಕು. ಇನ್ನೂ ಬಿಗಿದರೆ ಚೌಕಟ್ಟು ಗೋಡೆಯ ಕಡೆಗೆ ಸೆಳೆದುಕೊಂಡು ಬಾಗುತ್ತದೆ. ಸ್ಲೈಡಿಂಗ್ ಕದ ನಡುವಿನಲ್ಲಿ ಸಿಕ್ಕಿಕೊಳ್ಳಲು ಸಾಮಾನ್ಯ ಕಾರಣ ಇದೇ. ಟೊಳ್ಳು ಬ್ಲಾಕಿನ ಗೋಡೆಗೆ ಅದಕ್ಕೆಂದೇ ಇರುವ ಪ್ಲಗ್ ಬೇಕು. ತಳದ ಪಟ್ಟಿಯಲ್ಲಿ ನೀರು ಹರಿಯುವ ಹಳಿಯೊಳಗೆ ತೂತು ಕೊರೆಯದಿರುವುದೇ ಮೇಲು, ಕೊರೆದರೆ ಸ್ಕ್ರೂವಿನ ತಲೆಯನ್ನು ಸಿಲಿಕೋನಿನಿಂದ ಮುಚ್ಚಲೇಬೇಕು.

ಈಗ ಸಂದಿನ ಸರದಿ. ಕೆಲಸಗಾರರು ಉಳಿದ ಗಾರೆಯನ್ನು ಅದರೊಳಗೆ ತುಂಬಲು ಮುಂದಾದರೆ ತಡೆಯಬೇಕು, ಕಾರಣವನ್ನು ಮೇಲೆ ಹೇಳಿದ್ದಾಗಿದೆ. ಸಂದಿಗೆ ತುಂಬಬೇಕಾದ್ದು ಪಿಯು (ಪಾಲಿಯುರೆಥೇನ್) ಫೋಮ್, ಎಂದರೆ ಡಬ್ಬಿಯಿಂದ ಚಿಮ್ಮಿಸುವ ನೊರೆ. ಅದು ತೇವದಿಂದ ಗಟ್ಟಿಯಾಗುವ ವಸ್ತುವಾದ್ದರಿಂದ ಮೊದಲು ದೂಳು ಊದಿ, ಸಂದಿಗೆ ತುಸು ನೀರು ಚಿಮುಕಿಸಿ, ಅರ್ಧ ಆಳದಷ್ಟು ಮಾತ್ರ ತುಂಬಬೇಕು. ಮಿಕ್ಕದ್ದು ತಾನೇ ಉಬ್ಬಿ ತುಂಬಿಕೊಳ್ಳುತ್ತದೆ. ಒಣಗಿದ ಮೇಲೆ ಹೊರಬಂದದ್ದನ್ನು ಚಾಕುವಿನಿಂದ ಸಮನಾಗಿ ಕೊಯ್ಯಬೇಕು. ಫೋಮ್ ನೀರನ್ನು ತಡೆಯುವ ವಸ್ತುವಲ್ಲ, ಬಿಸಿಲಿಗೆ ಬಿಟ್ಟರೆ ಕಂದಾಗಿ ಪುಡಿಯಾಗುತ್ತದೆ. ಅದರ ಮೇಲೆ, ಸಂದು ಅಗಲವಾಗಿದ್ದಲ್ಲಿ ದುಂಡನೆಯ ಮೆತ್ತನೆ ಫೋಮ್ ಹುರಿಯನ್ನು (ಬ್ಯಾಕಿಂಗ್ ರಾಡ್) ಒತ್ತಿ, ಹೊರಗೂ ಒಳಗೂ ಸಿಲಿಕೋನ್ ಎಳೆಯಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ: ವಿನಿಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಗಾಜಿಗೆ ಸರಿ, ಆದರೆ ಸಿಮೆಂಟಿನ ಮೈಗೆ ಸರಿಯಾಗಿ ಅಂಟುವುದಿಲ್ಲ. ಟ್ಯೂಬಿನ ಮೇಲೆ ‘ನ್ಯೂಟ್ರಲ್’ ಎಂದು ಬರೆದಿರುವ, ಹೊರಗಿನ ಹವೆಗೆ ತಯಾರಿಸಿದ ಸಿಲಿಕೋನನ್ನೇ ತರಿಸಿ, ಟ್ಯೂಬನ್ನು ಕಣ್ಣೆದುರೇ ಒಡೆಸಬೇಕು. ಒದ್ದೆ ಗೋಡೆಗೆ, ದೂಳಿನ ಗೋಡೆಗೆ ಯಾವ ಸಿಲಿಕೋನೂ ನಿಲ್ಲದು.

ಚೌಕಟ್ಟಿನ ತಳದಲ್ಲಿ ಹೊರಮುಖವಾಗಿ ಉದ್ದನೆಯ ಸಣ್ಣ ರಂಧ್ರಗಳಿರುತ್ತವೆ. ಹಳಿಗೆ ಬಿದ್ದ ಮಳೆನೀರು ಹೊರಹೋಗುವ ದಾರಿ ಅದು. ಅಂದವಾಗಿ ಕಾಣಲೆಂದು ಸಿಲಿಕೋನ್ ಎಳೆಯುವವರು ಅವನ್ನೂ ಸೇರಿಸಿ ಮುಚ್ಚಿಬಿಡುತ್ತಾರೆ, ಬಣ್ಣದವರು ಪುಟ್ಟಿ ಮೆತ್ತುತ್ತಾರೆ. ಕದ ಕೂರಿಸಿದ ಮೇಲೆ ಒಂದು ಚೊಂಬು ನೀರನ್ನು ಹಳಿಗೆ ಸುರಿದು ನೋಡಬೇಕು. ಅದು ಹೊರಗಿನ ರಂಧ್ರಗಳಿಂದ ಸರಾಗವಾಗಿ ಇಳಿಯದಿದ್ದರೆ ಕೆಲಸ ಮುಗಿದಿಲ್ಲ. ಪ್ರೊಫೈಲಿನ ಮೇಲಿನ ರಕ್ಷಣಾ ಹಾಳೆಯನ್ನು ಗಾರೆ ಮತ್ತು ಬಣ್ಣದ ಕೆಲಸ ಮುಗಿದೊಡನೆ ಸುಲಿಯಬೇಕು, ತಿಂಗಳುಗಟ್ಟಲೆ ಬಿಸಿಲಿಗೆ ಬಿಟ್ಟರೆ ಅದರ ಅಂಟು ಮೈಗೆ ಬೆಂದು ಹತ್ತಿಕೊಳ್ಳುತ್ತದೆ.

ಹಣ, ಕಾಗದ, ಮೊದಲ ಮಳೆ

ದರ ಚದರ ಅಡಿಯ ಲೆಕ್ಕದಲ್ಲಿ ಬರುತ್ತದೆ, ಆದರೆ ಆ ದರದಲ್ಲಿ ಏನೇನು ಸೇರಿದೆ ಎಂಬುದರ ಮೇಲೆ ಇಡೀ ಹೋಲಿಕೆ ನಿಂತಿದೆ. ಪ್ರೊಫೈಲಿನ ಹೆಸರು ಮತ್ತು ಗೋಡೆದಪ್ಪ, ಉಕ್ಕಿನ ದಪ್ಪ, ಗಾಜಿನ ಬಗೆ, ಬೀಗ ಮತ್ತು ಕೀಲುಗಳ ತಯಾರಕರು, ಸೊಳ್ಳೆ ಪರದೆ, ಹಳೆಯದನ್ನು ಕೀಳುವ ಕೂಲಿ, ಗಾರೆ ಕೆಲಸ, ಮೇಲಿನ ಮಹಡಿಗೆ ಸಾರುವೆ ಕಟ್ಟುವ ಖರ್ಚು, ಅವಶೇಷ ಸಾಗಿಸುವುದು, ಜಿಎಸ್‌ಟಿ, ಇವಿಷ್ಟೂ ಒಂದೇ ಕಾಗದದಲ್ಲಿ ಇರಬೇಕು. ಚಿಕ್ಕ ಕಿಟಕಿಗಳಿಗೆ ಕನಿಷ್ಠ ಇಷ್ಟು ಚದರ ಅಡಿ ಎಂದು ಹಿಡಿಯುವ ರೂಢಿ ಇರುವುದರಿಂದ ಗಾಳಿಕಿಂಡಿಗಳ ಬಿಲ್ಲು ಅಚ್ಚರಿ ಹುಟ್ಟಿಸಬಹುದು. ಹತ್ತು, ಇಪ್ಪತ್ತು ವರ್ಷದ ವಾರಂಟಿ ಎಂದು ಹೇಳುವುದು ಹೆಚ್ಚಾಗಿ ಪ್ರೊಫೈಲಿನ ಬಣ್ಣಕ್ಕೆ; ರೋಲರ್, ಕೀಲು ಮತ್ತು ಸಂದಿನ ಸಿಲಿಕೋನಿಗೆ ಎಷ್ಟು ಕಾಲ ಎಂಬುದನ್ನು ಬೇರೆಯಾಗಿ ಬರೆಸಿಕೊಳ್ಳಬೇಕು. ಹತ್ತನೆಯ ಒಂದು ಪಾಲು ಹಣವನ್ನು ನೀರಿನ ಪರೀಕ್ಷೆಯ ತನಕ ಉಳಿಸಿಕೊಳ್ಳುವುದಾಗಿ ಮೊದಲೇ ಹೇಳಿದರೆ ಯಾರಿಗೂ ಬೇಸರವಾಗುವುದಿಲ್ಲ. ಪರೀಕ್ಷೆ ಸರಳ: ಕಿಟಕಿ ಮುಚ್ಚಿ, ಹೊರಗಿನಿಂದ ತೋಟದ ಪೈಪಿನಲ್ಲಿ ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹತ್ತು ನಿಮಿಷ ನೀರು ಹೊಡೆಯುತ್ತಾ, ಒಳಗೆ ಒಬ್ಬರು ಟಾರ್ಚ್ ಹಿಡಿದು ಮೂಲೆಗಳನ್ನು ನೋಡುತ್ತಿರಬೇಕು. ಕೆಳಗಿನಿಂದ ಆರಂಭಿಸಿದರೆ ನೀರು ಯಾವ ಎತ್ತರದಲ್ಲಿ ಒಳಗೆ ಬರುತ್ತಿದೆ ಎಂದು ತಿಳಿಯುತ್ತದೆ.

ಆಮೇಲಿನ ಆರೈಕೆ ಹೆಚ್ಚಿಲ್ಲ. ಸಾಬೂನು ನೀರು ಮತ್ತು ಮೆತ್ತನೆಯ ಬಟ್ಟೆ ಸಾಕು. ಥಿನ್ನರ್, ಪೆಟ್ರೋಲ್ ಮತ್ತು ಉಜ್ಜುವ ಪುಡಿಗಳು ಮೈಯನ್ನು ಮಂಕಾಗಿಸುತ್ತವೆ. ಹಳಿಯ ದೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ವರ್ಷಕ್ಕೊಮ್ಮೆ ಗ್ಯಾಸ್ಕೆಟ್ ಮತ್ತು ರೋಲರಿಗೆ ಸಿಲಿಕೋನ್ ಸ್ಪ್ರೇ ಹೊಡೆಯಬೇಕು. ಕೊಬ್ಬರಿ ಎಣ್ಣೆ ಹಚ್ಚಿದರೆ ದೂಳು ಅಂಟಿ ಇನ್ನಷ್ಟು ಬಿಗಿಯಾಗುತ್ತದೆ. ಜೂನ್ ಮಳೆ ಜೋರಾಗಿ ಬಂದ ಮರುದಿನ ಬೆಳಿಗ್ಗೆ ಪ್ರತಿ ಕಿಟಕಿಯ ಕೆಳಮೂಲೆಗಳ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿ, ತೇವ ತಟ್ಟಿದ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ದಿನಾಂಕ ಬರೆದು ಫೋಟೊ ತೆಗೆದಿಟ್ಟರೆ ಸಿಲಿಕೋನ್ ವಾರಂಟಿ ಮುಗಿಯುವುದರೊಳಗೆ ಕೂರಿಸಿದವರನ್ನು ಕರೆಸಿ ಅಷ್ಟು ಭಾಗವನ್ನು ಹೆರೆದು ಹೊಸದಾಗಿ ಎಳೆಸಬಹುದು.